ಪಾಲಿಮರ್ ಬ್ರಷ್ ಮೇಲೆ ಹರಿವು: ಥರ್ಮೋಸ್ಟಾಟ್ ನನ್ನನ್ನು ಎರಡು ವಾರ ಯಾಮಾರಿಸಿದ ಕಥೆ

ಪಾಲಿಮರ್ ಬ್ರಷ್ ಹೆಚ್ಚುಕಡಿಮೆ ಹಲ್ಲುಜ್ಜುವ ಬ್ರಷ್ ಥರವೇ. ಒಂದು ತುದಿ ಗೋಡೆಗೆ ಅಂಟಿದ ಪಾಲಿಮರ್ ಸರಪಳಿಗಳು (ಸರದಂತೆ ಉದ್ದನೆಯ ಅಣುಗಳು) ಒತ್ತೊತ್ತಾಗಿ, ಜಾಗ ಸಾಲದೆ ಮೇಲಕ್ಕೆ ಚಾಚಿಕೊಂಡಿರುತ್ತವೆ. ಮೇಲೆ ದ್ರವ ಹರಿಸಿದರೆ ಈ ಪದರ ಊದುತ್ತದಾ, ಕುಗ್ಗುತ್ತದಾ? ಕಂಪ್ಯೂಟರಿನಲ್ಲಿ ಇದನ್ನು ನೋಡುವುದು ನನ್ನ ಕೆಲಸವಾಗಿತ್ತು.

ಜಗಳ ಹಳೆಯದು. 1991ರಲ್ಲಿ ಜೇಕಬ್ ಕ್ಲೈನ್ ಮತ್ತು ಜೊತೆಗಾರರು ಪಾಲಿಸ್ಟೈರೀನ್ ಬ್ರಷ್ ಇರುವ ಅಭ್ರಕದ ಹಾಳೆಗಳನ್ನು ಟಾಲೂಯೀನ್‌ನಲ್ಲಿ ಎದುರುಬದುರು ಇಟ್ಟು ಜಾರಿಸಿದಾಗ ಒಂದನ್ನೊಂದು ತಳ್ಳುವ ಬಲ ಜಾಸ್ತಿಯಾಯಿತು. ಬ್ರಷ್ ಊದಿರಬೇಕು ಅಂದರು. ಹತ್ತು ವರ್ಷದ ಮೇಲೆ ನ್ಯೂಟ್ರಾನ್ ಬಳಸಿ ಒಂದೇ ಬ್ರಷ್ಷಿನ ಎತ್ತರ ಅಳೆದವರಿಗೆ ವ್ಯತ್ಯಾಸವೇ ಕಾಣಲಿಲ್ಲ.

ನಾನು ಬಳಸಿದ್ದು ಲ್ಯಾಂಪ್ಸ್, ಕಣಗಳ ಚಲನೆ ಲೆಕ್ಕ ಹಾಕುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ. ಸರಪಳಿಯನ್ನು ಸ್ಪ್ರಿಂಗ್‌ಗಳಿಂದ ಪೋಣಿಸಿದ ಮಣಿಗಳ ಸರ ಅಂತ ನೋಡುವ ಕ್ರೆಮರ್-ಗ್ರೆಸ್ಟ್ ಮಾದರಿ. ಸರಕ್ಕೆ 50 ಮಣಿಯಂತೆ 100 ಸರ, ಸುತ್ತ ದ್ರಾವಕದ ಸುಮಾರು 43,000 ಮಣಿ. ಕೆಳಗಿನ ಗೋಡೆಗೆ ಬ್ರಷ್, ಮೇಲಿನ ಗೋಡೆಯನ್ನು ಎಳೆಯುವುದು. ಅಷ್ಟೇ.

ಮೊದಲ ಫಲಿತಾಂಶ ನೋಡಿ ಕುಣಿದುಬಿಟ್ಟೆ. ಮೇಲಿನ ಗೋಡೆಯ ಹತ್ತಿರ ಮಾತ್ರ ದ್ರವ ಓಡುತ್ತಿದೆ, ಅಲ್ಲಿಂದ ಕೆಳಗೆ ಬಂದಂತೆ ವೇಗ ಸರ್ರನೆ ಬಿದ್ದು, ಬ್ರಷ್ ತಲುಪುವ ಮೊದಲೇ ಸೊನ್ನೆ! ಬ್ರಷ್ ಹರಿವನ್ನು ಇಷ್ಟು ದೂರದಿಂದಲೇ ತಡೆಯುತ್ತದೆ ಅಂತ ಎರಡು ವಾರ ನಂಬಿದ್ದೆ, ಗ್ರಾಫ್‌ಗಳೂ ರೆಡಿ. ಆಮೇಲೆ ಸುಮ್ನೆ ಒಂದು ಸಲ ಬ್ರಷ್ ತೆಗೆದು ಬರಿ ಗೋಡೆಗಳನ್ನು ಇಟ್ಟು ಓಡಿಸಿದೆ. ಅದೇ ಗ್ರಾಫ್ ಬಂತು.

ತಪ್ಪು ಥರ್ಮೋಸ್ಟಾಟ್‌ನದ್ದು, ಅಂದರೆ ನನ್ನದೇ. ಥರ್ಮೋಸ್ಟಾಟ್ ಅಂದರೆ ಇಲ್ಲಿ ಮಣಿಗಳ ತಾಪಮಾನವನ್ನು ಒಂದೇ ಮಟ್ಟದಲ್ಲಿಡುವ ಲೆಕ್ಕ. ಎಲ್ಲ ಮಣಿಗಳಿಗೂ ಮೂರೂ ದಿಕ್ಕಿನಲ್ಲಿ ಲ್ಯಾಂಜೆವಿನ್ ಅನ್ನುವ ಬಗೆಯದ್ದನ್ನು ಹಾಕಿದ್ದೆ. ಅದರ ಘರ್ಷಣೆ ನಿಂತ ನೆಲಕ್ಕೆ ಹೋಲಿಸಿ ಲೆಕ್ಕವಾಗುತ್ತದೆ, ಹಾಗಾಗಿ ಹರಿಯುವ ದ್ರವವನ್ನೂ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಡಿಪಿಡಿ ಅನ್ನುವ ಇನ್ನೊಂದು ಬಗೆಯ ಥರ್ಮೋಸ್ಟಾಟ್‌ಗೆ ಬದಲಾಯಿಸಿದೆ. ಅದು ಅಕ್ಕಪಕ್ಕದ ಮಣಿಗಳ ನಡುವಿನ ವೇಗದ ವ್ಯತ್ಯಾಸವನ್ನಷ್ಟೇ ನೋಡುತ್ತದೆ, ಒಟ್ಟು ಸಂವೇಗ ಹಾಗೇ ಉಳಿಯುತ್ತದೆ. ಈಗ ಬ್ರಷ್ ಇಲ್ಲದ ಪೆಟ್ಟಿಗೆಯಲ್ಲಿ ವೇಗ ನೇರ ಗೆರೆಯಾಗಿ ಬಂತು. ಆಗಲೇ ಬ್ರಷ್ ವಾಪಸ್ ಹಾಕಿದ್ದು.

ಈ ಸಲ ಕಂಡದ್ದು ಬೇರೆ. ಹರಿವು ಬ್ರಷ್ಷಿನ ತಲೆಯ ಕೆಲವೇ ಮಣಿಗಳ ಆಳಕ್ಕೆ ಇಳಿಯುತ್ತದೆ, ಬುಡದಲ್ಲಿ ದ್ರಾವಕ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಬ್ರಷ್ ಮೇಲಿನ ಖಾಲಿ ಜಾಗದ ಶಿಯರ್ ದರವನ್ನು (ಎತ್ತರದ ಜೊತೆ ವೇಗ ಬದಲಾಗುವ ದರ) ಸರಪಳಿಯ ವಿಶ್ರಾಂತಿ ಕಾಲದಿಂದ (ಚಾಚಿದ ಸರ ಮತ್ತೆ ಮುದುಡಲು ಬೇಕಾದ ಹೊತ್ತು) ಗುಣಿಸಿ, ಹರಿವು ಸರವನ್ನು ಎಷ್ಟು ಜೋರಾಗಿ ಚಾಚುತ್ತದೆ ಅಂತ ಹೇಳುವ ವೈಸೆನ್‌ಬರ್ಗ್ ಸಂಖ್ಯೆ ಇಷ್ಟು ಅಂತ ಬೀಗುತ್ತಿದ್ದೆ. ಒಳಗಿರುವ ಸರಪಳಿಗಳಿಗೆ ಆ ದರದ ಸುಳಿವೇ ಇಲ್ಲ. ಸರಾಸರಿ ಎತ್ತರ ಕದಲಲೇ ಇಲ್ಲ ಅನ್ನಬಹುದು. ತುದಿಗಳು ಮಾತ್ರ ಹರಿವಿನ ಕಡೆ ವಾಲಿದ್ದವು.

ನಾಲೆಯ ತಳದ ಹುಲ್ಲು ಬಾಗಿದ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಒಂದು ಸರಕ್ಕೆ ಬಣ್ಣ ಹಚ್ಚಿ ಹಿಂಬಾಲಿಸಿದೆ. ಶಾಖದ ಕುಣಿತದಲ್ಲಿ ಅದರ ತುದಿ ಮೇಲೇಳುತ್ತದೆ, ಹರಿವು ಹಿಡಿದು ಚಾಚುತ್ತದೆ, ಚಾಚಿದ ಸರ ಬಗ್ಗಿ ಒಳಗೆ ಮುಳುಗುತ್ತದೆ, ಅಲ್ಲಿ ಹರಿವಿಲ್ಲದೆ ಮುದುಡಿ ಮತ್ತೆ ಎದ್ದು ಬರುತ್ತದೆ. ಒಂದು ತುದಿ ಕಟ್ಟಿದ ಒಂಟಿ ಡಿಎನ್‌ಎಯಲ್ಲಿ ಇಂಥದ್ದೇ ಏರಿಳಿತವನ್ನು ಡಾಯ್ಲ್, ಲಾಡೂ, ವಿಯೋವಿ 2000ದಲ್ಲೇ ತೋರಿಸಿದ್ದರು, ನಾನು ಓದಿದ್ದು ಆಮೇಲೆ. ಸರಾಸರಿ ಗ್ರಾಫ್ ನೋಡುತ್ತಾ ಕೂತಿದ್ದರೆ ಇದು ಕಾಣುತ್ತಲೇ ಇರಲಿಲ್ಲ, ಅಲ್ವಾ? ಈಗ ಅದೇ ಸರಗಳು ಎಷ್ಟು ಹೊತ್ತಿಗೊಮ್ಮೆ ಎದ್ದು ಮುಳುಗುತ್ತವೆ ಅಂತ ಎಣಿಸುತ್ತಿದ್ದೇನೆ.