ಹಳೆಯ ಲೇತ್ ಚಕ್ಕುಗಳನ್ನು ಗುರುತಿಸಿ ಮರ ಕಡೆಯಲು ಹೊಂದಿಸಿಕೊಂಡ ನನ್ನ ಅನುಭವ

ಕಡೆಯುವ ತುಂಡನ್ನು ದವಡೆಗಳಿಂದ ಕಚ್ಚಿ ಹಿಡಿದು ಲೇತಿನಲ್ಲಿ ತಿರುಗಿಸುವ ಹಳೆಯ ಚಕ್ಕೊಂದು ಕೈಗೆ ಬಂದಾಗ ಹೆಚ್ಚಿನವರು ಮೊದಲು ಅದರ ಮುಖವನ್ನು ನೋಡುತ್ತಾರೆ. ಯಾವ ಕಂಪನಿಯದು, ಎಷ್ಟು ಇಂಚಿನದು, ದವಡೆಗಳು ಎಷ್ಟು ಸವೆದಿವೆ ಎಂದು ವಿಚಾರಿಸುತ್ತಾರೆ. ನಾನು ಮೊದಲು ಅದನ್ನು ಮಗುಚಿ ಹಾಕಿ ಬೆನ್ನು ನೋಡುತ್ತೇನೆ. ಶಿರಸಿಯ ನನ್ನ ಕೊಟ್ಟಿಗೆಯಲ್ಲಿ ಹಲಸು, ಮತ್ತಿ, ಸಾಗವಾನಿ ಮರಗಳಿಂದ ಬಟ್ಟಲು, ಕುಂಕುಮದ ಭರಣಿ, ತೊಟ್ಟಿಲಿನ ಗೂಟಗಳನ್ನು ಕಡೆಯುವ ನನಗೆ ಹೊಸ ಚಕ್ಕಿನ ಬೆಲೆ ಎಂದೂ ಹಗುರವೆನಿಸಿಲ್ಲ. ಹಾಗಾಗಿ ಘಟ್ಟದ ಮೇಲೂ ಕೆಳಗೂ ಮುಚ್ಚಿಹೋದ ಲೇತ್ ಅಂಗಡಿಗಳಿಂದ, ಹುಬ್ಬಳ್ಳಿಯ ಗುಜರಿಯಿಂದ ಬಂದ ಹಳೆಯ ಚಕ್ಕುಗಳನ್ನೇ ನೆಚ್ಚಿಕೊಂಡು ಕೆಲಸ ಮಾಡುತ್ತ ಬಂದಿದ್ದೇನೆ. ಅವು ನನ್ನ ಲೇತಿಗೆ ಒಗ್ಗುತ್ತವೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬೆನ್ನೇ ಹೊರತು ಮುಖದ ಮೇಲಿನ ಹೆಸರಲ್ಲ.

ಬೆನ್ನಿನಲ್ಲಿ ಎರಡು ಬಗೆಗಳುಂಟು. ಚಿಕ್ಕ ಚಕ್ಕುಗಳಲ್ಲಿ ಲೇತಿನ ತಿರುಗುವ ದಂಡವಾದ ಸ್ಪಿಂಡಲ್ಲಿಗೆ ಕೂರುವ ಥ್ರೆಡ್ಡನ್ನು (ಸ್ಕ್ರೂ ಸುತ್ತುಗಳನ್ನು) ಚಕ್ಕಿನ ಮೈಯಲ್ಲಿಯೇ ಕೊರೆದಿರುತ್ತಾರೆ. ದೊಡ್ಡವುಗಳಲ್ಲಿ ಬೆನ್ನು ಚಪ್ಪಟೆಯಾಗಿದ್ದು, ಅದರಲ್ಲಿ ದುಂಡನೆಯ ತಗ್ಗು ಮತ್ತು ಮೂರು ಅಥವಾ ನಾಲ್ಕು ಬೋಲ್ಟ್ ತೂತುಗಳಿರುತ್ತವೆ, ಚಕ್ಕಿಗೂ ಸ್ಪಿಂಡಲ್ಲಿಗೂ ನಡುವೆ ಬ್ಯಾಕ್‌ಪ್ಲೇಟ್ ಎಂಬ ಬೇರೆಯದೇ ಆದ ಬಿಲ್ಲೆ ಬಂದು ಕೂರುತ್ತದೆ. ಆಯ್ಕೆ ನನ್ನದಾದರೆ ನಾನು ಎರಡನೆಯದಕ್ಕೇ ಹಣ ಕೊಡುತ್ತೇನೆ. ಮೊದಲ ಬಗೆಯದರಲ್ಲಿ ಥ್ರೆಡ್ ಹೊಂದದಿದ್ದರೆ ಅಡಾಪ್ಟರ್ ಹಾಕಬೇಕಾಗುತ್ತದೆ, ಆಗ ಚಕ್ಕು ಬೇರಿಂಗಿನಿಂದ ಇನ್ನಷ್ಟು ಮುಂದಕ್ಕೆ ಚಾಚಿಕೊಂಡು, ಮರ ಕಡೆಯುವ ಹಗುರ ಲೇತಿನಲ್ಲಿ ಆ ಚಾಚು ಕೂಡಲೇ ಅದುರುವಿಕೆಯಾಗಿ ಕಾಣಿಸಿಕೊಳ್ಳುತ್ತದೆ.

ಥ್ರೆಡ್ ಗುರುತಿಸುವುದರಲ್ಲಿ ಅವಸರ ಕೂಡದು. ಒಳಥ್ರೆಡ್ಡಿಗೆ ವರ್ನಿಯರ್ ಹಿಡಿದರೆ ಸಿಗುವುದು ಥ್ರೆಡ್ಡಿನ ತುದಿಗಳ ನಡುವಿನ ಅಳತೆ, ಸ್ಪಿಂಡಲ್ಲಿನ ಅಳತೆಯಲ್ಲ. ಒಂದು ಇಂಚಿನ, ಇಂಚಿಗೆ 8 ಸುತ್ತುಗಳಿರುವ ಚಕ್ಕಿನ ಬಾಯಿ ಅಳತೆಗೆ ಸುಮಾರು 22 ಮಿಲಿಮೀಟರ್ ತೋರಿಸುತ್ತದೆ, ಅದನ್ನು ನಂಬಿ 22ರ ಸ್ಪಿಂಡಲ್ ಹುಡುಕಿದರೆ ದಾರಿ ತಪ್ಪುತ್ತದೆ. ಸುತ್ತುಗಳ ಅಂತರವೇ ಹೆಚ್ಚು ನಂಬಿಕೆಯ ಗುರುತು: ಇಂಚಿಗೆ 8 ಎಂದರೆ 3.175 ಮಿಲಿಮೀಟರ್, ಇಂಚಿಗೆ 12 ಎಂದರೆ 2.117. ಇಂಗ್ಲೆಂಡಿನ ಮೈಫರ್ಡ್ ಎಂಎಲ್7 ಲೇತಿನಲ್ಲಿ ಸ್ಪಿಂಡಲ್ಲಿನ ಮೂತಿ, ಅಂದರೆ ಚಕ್ಕು ಕೂರುವ ತುದಿ, ಒಂದೂ ಎಂಟನೇ ಒಂದು ಇಂಚು, 12 ಸುತ್ತು. ಯುರೋಪಿನ ಅನೇಕ ಮರದ ಲೇತುಗಳದು 33 ಮಿಲಿಮೀಟರ್, 3.5 ಅಂತರ. ಇನ್ನೊಂದು ಸೂಕ್ಷ್ಮವೂ ಇದೆ. ಒಂದು ಇಂಚಿನ ಬ್ರಿಟಿಷ್ ವ್ಹಿಟ್ವರ್ತ್ ಥ್ರೆಡ್ಡಿಗೂ ಅಮೆರಿಕದ ಒಂದು ಇಂಚಿನ ಥ್ರೆಡ್ಡಿಗೂ ಇಂಚಿಗೆ 8 ಸುತ್ತುಗಳೇ ಇದ್ದರೂ ಮೊದಲನೆಯದರ ಕೋನ 55 ಡಿಗ್ರಿ, ಎರಡನೆಯದರದು 60. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಬಲ ಹಾಕಿ ತಿರುಗಿಸಬಾರದು, ಹಾಳಾಗುವುದು ಚಕ್ಕಲ್ಲ, ಸ್ಪಿಂಡಲ್ಲಿನ ಮೂತಿ. ಸುತ್ತುಗಳ ಅಂತರ ನೋಡುವ ಗೇಜನ್ನು ಒಳಗೆ ಹಿಡಿಯಲು ಜಾಗ ಸಾಲದಿದ್ದಾಗ ನಾನು ಥ್ರೆಡ್ಡಿಗೆ ಎಣ್ಣೆ ಸವರಿ, ಒಂದು ಬದಿಗೆ ಮಾತ್ರ ಎಂ-ಸೀಲ್‌ನ ಪಟ್ಟಿಯೊಂದನ್ನು ಒತ್ತಿ, ಗಟ್ಟಿಯಾದ ಮೇಲೆ ಬಿಡಿಸಿಕೊಂಡು, ಆ ಅಚ್ಚಿನ ಮೇಲೆ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡುತ್ತೇನೆ.

ಥ್ರೆಡ್ ಹೊಂದಿದರೆ ಚಕ್ಕು ಹೊಂದಿತು ಎಂದೂ ಅಲ್ಲ. ಥ್ರೆಡ್ ಚಕ್ಕನ್ನು ಎಳೆದು ಹಿಡಿಯುತ್ತದೆ, ಅಷ್ಟೆ. ಅದನ್ನು ನಡುವಿಗೆ ತರುವುದು ಥ್ರೆಡ್ಡಿನ ಹಿಂದಿರುವ ನುಣುಪಾದ ಭಾಗ, ನೇರವಾಗಿ ನಿಲ್ಲಿಸುವುದು ಸ್ಪಿಂಡಲ್ಲಿನ ಭುಜ. ಈ ಎರಡು ಜಾಗಗಳಲ್ಲಿ ಕಸ ಅಥವಾ ಚಿಕ್ಕ ಉಬ್ಬು ಇದ್ದರೂ ಒಳ್ಳೆಯ ಚಕ್ಕು ಓಲಾಡುತ್ತದೆ. ಗುಜರಿಯಲ್ಲಿ ಓಲಾಡುತ್ತದೆಂದು ಅಗ್ಗಕ್ಕೆ ಬಂದ ಚಕ್ಕುಗಳಲ್ಲಿ ಭುಜಕ್ಕೆ ತಾಗುವ ಮುಖದ ಅಂಥ ಉಬ್ಬನ್ನು ಎಣ್ಣೆಕಲ್ಲಿನಿಂದ ಉಜ್ಜಿ ತೆಗೆದೊಡನೆ ನೇರವಾದವುಗಳನ್ನು ನಾನು ಕಂಡಿದ್ದೇನೆ.

ಇನ್ನು ದವಡೆಗಳು. ನಾಲ್ಕು ದವಡೆಗಳೂ ತಂತಮ್ಮ ಸ್ಕ್ರೂನಿಂದ ಬೇರೆಬೇರೆಯಾಗಿ ಓಡುವ ಚಕ್ಕಿನಲ್ಲಿ ತೊಡಕು ಕಡಿಮೆ. ಒಂದೇ ಸುರುಳಿಯಿಂದ ಒಟ್ಟಿಗೆ ಓಡುವ ಸ್ಕ್ರೋಲ್ ಚಕ್ಕಿನಲ್ಲಿ ಮಾತ್ರ ದವಡೆಗಳು ಆ ಚಕ್ಕಿನವೇ ಆಗಿರಬೇಕು. ದವಡೆಯ ಮೇಲಿನ ಸಂಖ್ಯೆಯೂ ಅದು ಓಡುವ ತೋಡಿನ ಪಕ್ಕದ ಸಂಖ್ಯೆಯೂ ಕೂಡಿಬರಬೇಕು, ಮೊದಲ ತೋಡಿನಲ್ಲಿ ಸುರುಳಿಯ ತುದಿ ಕಾಣಿಸಿದಾಗ ಮೊದಲ ದವಡೆಯನ್ನು, ಅನಂತರ ಕ್ರಮವಾಗಿ ಉಳಿದವುಗಳನ್ನು ತಳ್ಳಬೇಕು. ಸಂಖ್ಯೆ ಸವೆದುಹೋಗಿದ್ದರೆ ಮೂರೂ ದವಡೆಗಳ ಹಿಡಿಯುವ ತುದಿಯನ್ನು ಒಂದು ಸಮ ತಗಡಿಗೆ ತಾಗಿಸಿ ಪಕ್ಕಪಕ್ಕದಲ್ಲಿ ಮಲಗಿಸಿದರೆ ಹಲ್ಲುಗಳು ಒಂದೇ ಸಾಲಿಗೆ ಬರುವುದಿಲ್ಲ. ಒಂದರಿಂದ ಒಂದಕ್ಕೆ ಸುರುಳಿಯ ಅಂತರದ ಮೂರರಲ್ಲೊಂದು ಪಾಲು ಸರಿದಿರುತ್ತವೆ. ತುದಿಗೆ ಅತಿ ಹತ್ತಿರ ಹಲ್ಲಿರುವುದೇ ಮೊದಲನೆಯದು. ಈ ಲೆಕ್ಕ ಕೂಡದೆ ಎರಡು ದವಡೆಗಳ ಹಲ್ಲು ಸಮನಾಗಿ ನಿಂತರೆ ಅವುಗಳಲ್ಲೊಂದು ಬೇರೆ ಚಕ್ಕಿನಿಂದ ಬಂದದ್ದು, ಅಂಥ ಚಕ್ಕನ್ನು ನಾನು ಎಷ್ಟೇ ಅಗ್ಗವಾದರೂ ತರುವುದಿಲ್ಲ.

ಹೆಸರಿನಿಂದ ಕಾಲ ತಿಳಿಯುತ್ತದೆ, ಅದೂ ಒಂದು ಸಂತೋಷವೇ. ಅಮೆರಿಕದ ಸೈಮನ್ ಫೇರ್‌ಮನ್ 1840ರಲ್ಲಿ ಚಕ್ಕಿಗೆ ಪೇಟೆಂಟ್ ಪಡೆದ. ಅವನ ಅಳಿಯ ಕುಷ್‌ಮನ್ 1862ರಲ್ಲಿ ತನ್ನ ಹೆಸರಿನ ಚಕ್ಕನ್ನು ಮಾರಾಟಕ್ಕೆ ತಂದ. ಕುಷ್‌ಮನ್, ಬರ್ನರ್ಡ್ ಎಂಬ ಅಕ್ಷರಗಳು ತುಕ್ಕಿನಡಿಯಿಂದ ಮೂಡಿಬಂದಾಗ ಆ ಬೀಡುಕಬ್ಬಿಣದ ಮೇಲೆ ನನಗೆ ಗೌರವ ಹುಟ್ಟುತ್ತದೆ.

ತುಕ್ಕಿನ ವಿಷಯದಲ್ಲಿ ಘಟ್ಟದ ಮೇಲಿನ ಮಾಲಿಗೂ ಕೆಳಗಿನ ಮಾಲಿಗೂ ಅಜಗಜಾಂತರ. ಶಿರಸಿಯಲ್ಲಿ ಬಿದ್ದಿದ್ದ ಚಕ್ಕಿನ ಮೇಲೆ ತುಕ್ಕು ಮೇಲುಮೇಲಕ್ಕೇ ಇರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ. ಕಾರವಾರ, ಅಂಕೋಲಾ ಕಡೆಯ ದೋಣಿ ಎಂಜಿನ್ ರಿಪೇರಿ ಅಂಗಡಿಗಳಿಂದ ಬಂದವುಗಳಲ್ಲಿ ಉಪ್ಪು ಸೇರಿಕೊಂಡಿರುತ್ತದೆ, ಅದನ್ನು ತೊಳೆಯದೆ ಎಣ್ಣೆ ಹಚ್ಚಿದರೆ ಎಣ್ಣೆಯ ಅಡಿಯಲ್ಲೇ ತುಕ್ಕು ಮತ್ತೆ ಕೊರೆಯುತ್ತದೆ. ಅಂಥ ಚಕ್ಕನ್ನು ಪೂರ್ತಿ ಬಿಚ್ಚಿ, ಸಿಹಿನೀರನ್ನು ಬದಲಿಸುತ್ತ ನೆನೆಹಾಕಿ, ಆಮೇಲೆ ವಾಷಿಂಗ್ ಸೋಡ ಕರಗಿಸಿದ ನೀರಿನಲ್ಲಿ 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಋಣ ತಂತಿಯನ್ನು ಚಕ್ಕಿಗೂ ಧನ ತಂತಿಯನ್ನು ಸಾದಾ ಕಬ್ಬಿಣದ ತಗಡಿಗೂ ಕಟ್ಟಿ ಬಿಡುತ್ತೇನೆ. ಸ್ಟೇನ್‌ಲೆಸ್ ಸ್ಟೀಲ್ ತಗಡು ಹಾಕಲೇಬಾರದು, ಅದರಿಂದ ವಿಷಕಾರಿಯಾದ ಕ್ರೋಮಿಯಂ ನೀರಿಗಿಳಿಯುತ್ತದೆ. ಹೈಡ್ರೋಜನ್ ಅನಿಲ ಏಳುವುದರಿಂದ ಈ ಕೆಲಸ ಗಾಳಿಯಾಡುವ ಅಂಗಳದಲ್ಲೇ ಆಗಬೇಕು.

ಶುದ್ಧವಾದ ಮೇಲೆ ಬಿರುಕಿನ ಪರೀಕ್ಷೆ. ಇದನ್ನು ಮಾಡದೆ ಯಾವ ಹಳೆಯ ಚಕ್ಕನ್ನೂ ನಾನು ತಿರುಗಿಸುವುದಿಲ್ಲ. ದವಡೆ ತೆಗೆದ ಮೈಯನ್ನು ಹಗ್ಗದಲ್ಲಿ ತೂಗುಹಾಕಿ ಮರದ ಕೊಡತಿಯಿಂದ ಮೆಲ್ಲನೆ ಹೊಡೆದರೆ ಗಟ್ಟಿ ಬೀಡು ನಾದ ಕೊಡುತ್ತದೆ, ಬಿರುಕಿದ್ದರೆ ಸದ್ದು ಮೊಂಡಾಗಿ ಸಾಯುತ್ತದೆ. ಅನಂತರ ಮೈಗೆಲ್ಲ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿನೊಳಗಿನ ಎಣ್ಣೆ ಹೊರಗೆ ಜಿನುಗಿ ಬಿಳಿಯ ಮೇಲೆ ಗೆರೆ ಬರೆಯುತ್ತದೆ. ತೋಡುಗಳ ಮೂಲೆಗಳಲ್ಲಿ, ಬೋಲ್ಟ್ ತೂತುಗಳ ಸುತ್ತ ಹೆಚ್ಚು ಗಮನ ಬೇಕು. ಗೆರೆ ಕಂಡ ಚಕ್ಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯೇ ಬೇಡ.

ಬ್ಯಾಕ್‌ಪ್ಲೇಟನ್ನು ಲೇತ್ ಅಂಗಡಿಯಲ್ಲಿ ಮಾಡಿಸುತ್ತೇನೆ. ನನ್ನ ಸ್ಪಿಂಡಲ್ಲಿನ ಮೂತಿಯ ತದ್ರೂಪದಂತೆ ಭುಜ, ನುಣುಪು ಭಾಗ, ಥ್ರೆಡ್ ಮೂರೂ ಇರುವ ಉಕ್ಕಿನ ಗೂಟವೊಂದನ್ನು ಮೊದಲೇ ಮಾಡಿಸಿಟ್ಟುಕೊಂಡಿದ್ದೇನೆ. ಬೀಡಿನ ಬಿಲ್ಲೆಗೆ ಥ್ರೆಡ್ ಹಾಕಿದ ಮೇಲೆ ಅದನ್ನು ಈ ಗೂಟಕ್ಕೆ ಬಿಗಿದು, ಗೂಟವನ್ನು ಲೇತಿನ ಎರಡು ಸೆಂಟರುಗಳ (ಮೊನೆಗಳ) ನಡುವೆ ಹಿಡಿದು ಮುಖವನ್ನೂ ಚಕ್ಕಿನ ತಗ್ಗಿಗೆ ಕೂರುವ ದುಂಡನ್ನೂ ಕೊನೆಯ ಕಡೆತ ಕಡೆಯಬೇಕು ಎಂಬುದು ನನ್ನ ಒಂದೇ ಷರತ್ತು. ಹಾಗೆ ಮಾಡಿದರೆ ಅಂಗಡಿಯ ಲೇತಿನ ಔಟ್, ಅಂದರೆ ಓಲಾಟ, ನನ್ನ ಚಕ್ಕಿಗೆ ಬರುವುದಿಲ್ಲ. ಡಯಲ್ ಗೇಜಿನಲ್ಲಿ 0.1 ಮಿಲಿಮೀಟರ್‌ವರೆಗಿನ ಔಟ್ ಬಂದರೆ ಮರದ ಕೆಲಸಕ್ಕೆ ಧಾರಾಳವಾಗಿ ಸಾಕು.

ಕಬ್ಬಿಣಕ್ಕಾಗಿ ಮಾಡಿದ ಈ ಚಕ್ಕುಗಳ ದವಡೆ ಮರವನ್ನು ಮೂರೋ ನಾಲ್ಕೋ ಕಡೆ ಕಚ್ಚುತ್ತದೆ, ಹಸಿ ಹಲಸಿನಲ್ಲಿ ಆ ಗಾಯ ಆಳವಾಗುತ್ತದೆ, ಮರ ಒಣಗಿ ಕುಗ್ಗಿದಂತೆ ಹಿಡಿತವೂ ಸಡಿಲುತ್ತದೆ. ಆದ್ದರಿಂದ ಮೇಲ್ದವಡೆಯನ್ನು ಬೋಲ್ಟ್ ಬಿಚ್ಚಿ ತೆಗೆಯಲು ಬರುವ ಎರಡು ತುಂಡಿನ ದವಡೆಗಳ ಚಕ್ಕು ಸಿಕ್ಕರೆ ನಾನು ಬಿಡುವುದಿಲ್ಲ. ಉಕ್ಕಿನ ಮೇಲ್ದವಡೆಯ ಜಾಗದಲ್ಲಿ ಒಣಗಿದ ಮತ್ತಿಯ ತುಂಡುಗಳನ್ನು ಬಿಗಿದು, ಲೇತಿನಲ್ಲೇ ತಿರುಗಿಸಿ, ಬಟ್ಟಲಿನ ಬುಡಕ್ಕೆ ಸರಿಯಾದ ತಗ್ಗನ್ನು ಅವುಗಳಲ್ಲಿ ಕಡೆದುಕೊಳ್ಳುತ್ತೇನೆ. ಬುಡವನ್ನು ಸುತ್ತಲೂ ತಬ್ಬಿ ಹಿಡಿಯುವ ಈ ಮರದ ದವಡೆಗಳು ಗಾಯ ಮಾಡುವುದಿಲ್ಲ, ಬೆರಳು ತಾಗಿದರೂ ಉಕ್ಕಿನಷ್ಟು ಅಪಾಯವಿಲ್ಲ.

ಆರು ಇಂಚಿನ ಬೀಡಿನ ಚಕ್ಕು ಎಂಟು ಹತ್ತು ಕಿಲೋ ತೂಗುತ್ತದೆ. ಅದನ್ನು ನಾನು ನಿಮಿಷಕ್ಕೆ 800 ಸುತ್ತು ದಾಟಿಸುವುದಿಲ್ಲ, ಮೋಟಾರು ಹಾಕುವ ಮೊದಲು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ದವಡೆ ಎಲ್ಲಿಯೂ ತಾಗದಿರುವುದನ್ನು ನೋಡುತ್ತೇನೆ, ಥ್ರೆಡ್ಡಿನ ಚಕ್ಕನ್ನು ಹಿಮ್ಮುಖವಾಗಿ ಓಡಿಸುವುದೇ ಇಲ್ಲ, ಏಕೆಂದರೆ ಅದು ತನ್ನಷ್ಟಕ್ಕೆ ಕಳಚಿಕೊಳ್ಳುತ್ತದೆ.

ಭರಣಿಯಂಥ ಚಿಕ್ಕ ಕೆಲಸಕ್ಕೆ ಮರದ ತುಂಡನ್ನು ಹೊಡೆದು ಕೂರಿಸುವ ಹಳೆಯ ಬಟ್ಟಲು ಚಕ್ಕಿಗೆ ಸಾಟಿಯಿಲ್ಲ. ಹಿಂದೆ ಮೋರ್ಸ್ ಟೇಪರ್ ಎಂಬ, ತುದಿಗೆ ಸಣ್ಣಗಾಗುತ್ತ ಹೋಗುವ ಬಾಲವಿದ್ದರೆ ದಪ್ಪ ತುದಿಯ ಅಳತೆಯಿಂದ ಗುರುತು ಸಿಗುತ್ತದೆ: 1ನೇ ಸಂಖ್ಯೆಯದು ಸುಮಾರು 12.1 ಮಿಲಿಮೀಟರ್, 2ನೆಯದು 17.8, 3ನೆಯದು 23.8. ಅದನ್ನು ಹಿಂದಿನಿಂದ ಉದ್ದ ಬೋಲ್ಟಿನಲ್ಲಿ ಎಳೆದು ಕಟ್ಟಿದ ಮೇಲೆಯೇ ಕೆಲಸಕ್ಕೆ ಹಚ್ಚಬೇಕು.

ಸ್ಕ್ರೋಲಿನೊಳಗೆ ಗ್ರೀಸ್ ತುಂಬುವ ಅಭ್ಯಾಸ ಕಬ್ಬಿಣದ ಕೆಲಸದವರದು. ಮರದ ಹೊಟ್ಟು ಗ್ರೀಸಿಗೆ ಅಂಟಿ ಗಟ್ಟಿಯಾಗುವುದರಿಂದ ನಾನು ಗ್ರಾಫೈಟ್ ಪುಡಿ ಅಥವಾ ತೆಳು ಮೆಷಿನ್ ಎಣ್ಣೆಯನ್ನಷ್ಟೇ ಬಳಸುತ್ತೇನೆ, ಮಳೆಗಾಲ ಹಿಡಿಯುವ ಮೊದಲು ಎಲ್ಲ ಚಕ್ಕುಗಳನ್ನೂ ಬಿಚ್ಚಿ ಹೊಟ್ಟು ಕೊಡವುತ್ತೇನೆ. ಹೊಟ್ಟು ಹೀರಿದ ತೇವವೇ ಒಳಗಿನ ಸುರುಳಿಗೆ ಮೊದಲು ತುಕ್ಕು ಹಿಡಿಸುತ್ತದೆ.