ಎನ್‌ವಿಡಿಎ ಜೊತೆ ಎರಡು ಡಿಸ್ಕ್ ಮಿರರ್ ಮಾಡಿದ್ದು

ನನಗೆ ಕಣ್ಣು ಕಾಣುವುದಿಲ್ಲ. ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸುವ ಮದರ್‌ಬೋರ್ಡಿನ ರೈಡ್ ಸೆಟಪ್ ವಿಂಡೋಸ್ ಶುರುವಾಗುವ ಮೊದಲೇ ಬರುತ್ತದೆ, ಅಲ್ಲಿ ನನ್ನ ಸ್ಕ್ರೀನ್ ರೀಡರ್ (ಪರದೆ ಓದಿ ಹೇಳುವ ತಂತ್ರಾಂಶ) ಎನ್‌ವಿಡಿಎ ಮಾತಾಡುವುದಿಲ್ಲ. ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ, ಡಿಸ್ಕ್ ಕೆಟ್ಟ ದಿನ ಮತ್ತೆ ಅವರಿಗೇ ಕಾಯಬೇಕು ಅಲ್ವಾ, ಅದು ನನಗೆ ಬೇಡವಾಗಿತ್ತು. ಅದಕ್ಕೇ ಡಿಸ್ಕ್ ಜೋಡಿಸೋಕೆ ವಿಂಡೋಸ್‌ನದ್ದೇ ಸ್ಟೋರೇಜ್ ಸ್ಪೇಸಸ್ ತೆರೆದೆ. ಎರಡು 4 ಟಿಬಿ ಡಿಸ್ಕ್, ಟೂ-ವೇ ಮಿರರ್, ಅಂದರೆ ಎರಡರಲ್ಲೂ ಅದೇ ಫೈಲ್‌ಗಳ ಪ್ರತಿ. ಕೀಬೋರ್ಡಿನಲ್ಲೇ ಮುಗಿಯಿತು. ಆರಿಸಿದ ಡಿಸ್ಕ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಜೋಪಾನ. ಬೇರೆ ಬ್ಯಾಕಪ್ಪೂ ಇರಲಿ, ಫೈಲ್ ಅಳಿಸಿದರೆ ಎರಡೂ ಕಡೆ ಹೋಗುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಯಾವ ಡಿಸ್ಕ್ ಯಾವುದು ಅಂತ ಗುರುತಿಸೋಕೆ. ಎರಡೂ ಒಂದೇ ಮಾಡೆಲ್. ಮಿರರ್ ಮಾಡುವ ಮೊದಲು ಒಂದೊಂದನ್ನೇ ಹಾಕಿ, ಪವರ್‌ಶೆಲ್‌ನಲ್ಲಿ (ವಿಂಡೋಸ್‌ಗೆ ಕಮಾಂಡ್ ಟೈಪ್ ಮಾಡುವ ಜಾಗ) ಗೆಟ್-ಫಿಸಿಕಲ್‌ಡಿಸ್ಕ್ ಕಮಾಂಡ್ ಕೊಟ್ಟು ಸೀರಿಯಲ್ ನಂಬರ್ ಕೇಳಿಸಿಕೊಂಡೆ. ಕೊನೆಯ ನಾಲ್ಕು ಅಕ್ಷರಗಳನ್ನು ಬ್ರೈಲ್‌ನಲ್ಲಿ ಚುಚ್ಚಿ ಡಿಸ್ಕ್ ಅಂಚಿಗೆ ಅಂಟಿಸಿದೆ. ಈಗ ಬೆರಳು ಸವರಿದರೆ ಗೊತ್ತಾಗುತ್ತದೆ.