ಎಸ್ಟರ್‌ಗೆ ಕತ್ತರಿ ಹಾಕಿ ಹೆಸರಿಡುವುದು: ನನ್ನ ಅನುಭವ

ದ್ವಿತೀಯ ಪಿಯುಸಿಗೆ ಕಾರ್ಬಾಕ್ಸಿಲಿಕ್ ಆಸಿಡ್ ಪಾಠ ಮಾಡುವವರಿಗೆಲ್ಲ ಇದು ಗೊತ್ತಿರುವ ಪಾಡು. ಆಸಿಡ್‌ಗೆ ಹೆಸರಿಡುವಾಗ ಮಕ್ಕಳು ಅಷ್ಟಾಗಿ ಎಡವುವುದಿಲ್ಲ, ಆಸಿಡ್ಡೂ ಆಲ್ಕೋಹಾಲೂ ಸೇರಿ ಆಗುವ ಎಸ್ಟರ್ ಬಂದ ಕೂಡಲೇ ಎಲ್ಲ ತಲೆಕೆಳಗು. ಮೀಥೈಲ್ ಪ್ರೊಪನೋಯೇಟ್‌ನ ರಚನೆ ಬರೆದುಕೊಡಿ. ಎಡಗಡೆ ಎರಡು ಕಾರ್ಬನ್ ಕಂಡು ‘ಈಥೈಲ್’ ಅನ್ನುತ್ತಾರೆ, ಉಳಿದ ಎರಡಕ್ಕೆ ‘ಎಥನೋಯೇಟ್’ ಅಂಟಿಸುತ್ತಾರೆ. ಕಾರ್ಬನ್ ಲೆಕ್ಕ ಸರಿಯಾಗಿದೆ, ಅಣುಸೂತ್ರವೂ ಅದೇ, ವಸ್ತು ಮಾತ್ರ ಬೇರೆ. ಅದೇ ರಚನೆಯನ್ನು ಬಲದಿಂದ ಎಡಕ್ಕೆ ತಿರುಗಿಸಿ ಬರೆದರೆ ಇನ್ನೂ ಹತ್ತು ಜನ ಕೈಬಿಡುತ್ತಾರೆ. ಹೆಸರಿಡುವ ಕೋಷ್ಟಕ ಬಾಯಿಪಾಠ ಮಾಡಿಸಿದ ತರಗತಿಗಳಲ್ಲೂ ನಾನು ಕಂಡದ್ದು ಇದನ್ನೇ.

ನನ್ನ ವಿಧಾನ ಇಷ್ಟೇ: ಡೆರಿವೇಟಿವ್‌ಗೆ, ಅಂದರೆ ಆಸಿಡ್‌ನಿಂದ ಹುಟ್ಟಿದ ಎಸ್ಟರ್, ಅಮೈಡ್‌ನಂಥ ವಸ್ತುವಿಗೆ, ನೇರವಾಗಿ ಹೆಸರಿಡಬಾರದು. ಅದನ್ನು ಕತ್ತರಿಸಿ, ನೀರು ಸೇರಿಸಿ, ಮೂಲ ಆಸಿಡ್ ಯಾವುದು ಅಂತ ನೋಡಬೇಕು. ಆಸಿಡ್‌ನ ಹೆಸರು ಬರೆದಾದ ಮೇಲೆ ಬಾಲ, ಅಂದರೆ ಹೆಸರಿನ ಕೊನೆಯ ಭಾಗ, ಬದಲಾಯಿಸಬೇಕು. ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ನಿಜವಾದ ಕತ್ತರಿಯಿಂದ, ರಚನೆ ಬರೆದ ಕಾಗದದ ಪಟ್ಟಿಯನ್ನೇ ಕತ್ತರಿಸಬೇಕು. ಕಾರ್ಬೊನೈಲ್ ಕಾರ್ಬನ್‌ಗೂ (ಆಕ್ಸಿಜನ್ ಜೋಡಿಬಂಧದಲ್ಲಿ ಇರುವ ಕಾರ್ಬನ್) ಅದರ ಪಕ್ಕದ ಒಂಟಿಬಂಧದ ಆಕ್ಸಿಜನ್, ನೈಟ್ರೊಜನ್ ಅಥವಾ ಕ್ಲೋರಿನ್‌ಗೂ ನಡುವೆ ಒಂದು ಕತ್ತರಿ. ಕಾರ್ಬೊನೈಲ್ ಇರುವ ತುಂಡಿಗೆ ‘ಓಎಚ್’ ಚೀಟಿ, ಇನ್ನೊಂದಕ್ಕೆ ‘ಎಚ್’ ಚೀಟಿ. ಮೊದಲನೆಯದು ಆಸಿಡ್. ಎರಡನೆಯದು ಆಲ್ಕೋಹಾಲ್, ಅಮೈನ್ ಅಥವಾ ಎಚ್‌ಸಿಎಲ್. ಎರಡು ಆಸಿಡ್ ನೀರು ಕಳೆದುಕೊಂಡು ಸೇರಿದ ಅನ್‌ಹೈಡ್ರೈಡ್ ಆದರೆ ಎರಡೂ ಕಡೆ ಆಸಿಡ್ಡೇ ಸಿಗುತ್ತದೆ. ಬೇರೆ ಬೇರೆ ಆಸಿಡ್ ಆದರೆ ಅಕ್ಷರಕ್ರಮದಲ್ಲಿ ಎಥನೋಯಿಕ್ ಪ್ರೊಪನೋಯಿಕ್ ಅನ್‌ಹೈಡ್ರೈಡ್ ಅಂತ ಬರೆಯುವುದು.

ಇದನ್ನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. “ಸರ್, ಎರಡು ಮೂರು ಮಾರ್ಕಿನ ಪ್ರಶ್ನೆಗೆ ಒಂದು ವಾರ ಯಾರು ಕೊಡ್ತಾರೆ? ನೀಟ್‌ಗೆ ಸ್ಪೀಡ್ ಬೇಕು, ಕತ್ತರಿ ಅಲ್ಲ” ಅಂದರು ಹಿರಿಯರೊಬ್ಬರು. ವಾರ ಬೇಕಾಗಲಿಲ್ಲ, ಮೂರು ನಾಲ್ಕು ಪೀರಿಯಡ್ ಸಾಕಾಯಿತು. ಆದರೆ ಅಲ್ಲಿಗೆ ಮುಟ್ಟುವ ಮೊದಲು ದುಡ್ಡು ಸಾಕಷ್ಟು ಹೋಯಿತು.

ಮೊದಲು ಬಡಗಿಯಿಂದ ಮರದ ತುಂಡು ಮಾಡಿಸಿದೆ, ಗೂಟ ಸಿಕ್ಕಿಸಿ ಜೋಡಿಸುವಂಥದ್ದು. ಬಣ್ಣ ಸೇರಿ ₹3,000ದ ಹತ್ತಿರ. ನಮ್ಮದು ಸುಳ್ಯ ಕಡೆ, ಜುಲೈ ಮಳೆಗೆ ಮರ ಉಬ್ಬಿ ಗೂಟ ತೂತಿಗೇ ಇಳಿಯಲಿಲ್ಲ. ಆಮೇಲೆ ತಗಡಿನ ಹಲಗೆ, ಅದಕ್ಕೆ ಅಂಟುವ ಅಯಸ್ಕಾಂತದ ಹಾಳೆ, ₹1,500 ಇರಬೇಕು. ಕತ್ತರಿಸುವ ಕೆಲಸ ಹಲಗೆ ಮುಂದೆ ನಿಂತವನದ್ದಷ್ಟೇ, ಉಳಿದ ಐವತ್ತು ಜನ ನೋಡುವವರು. ಕೊನೆಗೆ ಕೈಹಿಡಿದದ್ದು ಮದುವೆ ಆಮಂತ್ರಣ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಉಳಿಯುವ ದಪ್ಪ ಕಾಗದದ ಚೂರು. ಒಂದು ಕಟ್ಟಿಗೆ ₹20–30. ಸಣ್ಣ ಕತ್ತರಿ ಹದಿನೈದೋ ಹದಿನಾರೋ ತಂದೆ, ಒಂದಕ್ಕೆ ₹40ರ ಆಸುಪಾಸು. ಈಗ ಇಬ್ಬರಿಗೆ ಎರಡು ಪಟ್ಟಿ, ನಾಲ್ವರಿಗೆ ಒಂದು ಕತ್ತರಿ.

ಅಲ್ಲಿಗೂ ಮುಗಿಯಲಿಲ್ಲ. ಎಸ್ಟರ್‌ನ ಆಕ್ಸಿಜನ್‌ಗೆ ಎರಡು ಪಕ್ಕ ಉಂಟಲ್ಲ, ಅರ್ಧ ತರಗತಿ ಆಲ್ಕೈಲ್ ಕಡೆ, ಅಂದರೆ ಆಲ್ಕೋಹಾಲ್‌ನಿಂದ ಬಂದ ಭಾಗದ ಕಡೆ, ಕತ್ತರಿ ಹಾಕಿತು. ಇದನ್ನು ತಪ್ಪಿಸಲು ಪಟ್ಟಿ ಬರೆಯುವಾಗಲೇ ಒಂದು ಗುರುತು ಹಾಕುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ತರಗತಿಗೆ ಬಂದು ಕೂತವರಿಗೆ ತೋರಿಸುತ್ತೇನೆ.

ಈ ವಿಧಾನ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ನೈಟ್ರೈಲ್‌ನಲ್ಲಿ (ಕಾರ್ಬನ್‌ಗೆ ನೈಟ್ರೊಜನ್ ಮೂರು ಬಂಧದಲ್ಲಿ ಅಂಟಿರುವ ವಸ್ತು), ಅಲ್ಲಿ ಸೋಲುತ್ತದೆ ಅಂತಲೇ ಎಲ್ಲರ ಎಣಿಕೆಯಾಗಿತ್ತು. “ಸರ್, ಇಲ್ಲಿ ಆಕ್ಸಿಜನ್ನೇ ಇಲ್ಲ, ಎಲ್ಲಿ ಕತ್ತರಿಸೋದು?” ಅಂತ ಹುಡುಗಿಯೊಬ್ಬಳು ಕೇಳಿದಳು. ಕಾರ್ಬನ್–ನೈಟ್ರೊಜನ್ ನಡುವಿನ ಮೂರೂ ಗೆರೆ ಕತ್ತರಿಸಿಬಿಡು, ಆ ಕಾರ್ಬನ್‌ಗೆ ಒಂದು ಜೋಡಿಬಂಧದ ಆಕ್ಸಿಜನ್, ಒಂದು ಓಎಚ್ ಅಂಟಿಸು ಅಂದೆ. ನೈಟ್ರೊಜನ್ ಅಮೋನಿಯ ಆಗಿ ಹೋಯಿತು, ಕಾರ್ಬನ್ ಆಸಿಡ್‌ನಲ್ಲೇ ಉಳಿಯಿತು. ಈಥೈಲ್ ಸಯನೈಡ್ ಯಾಕೆ ಪ್ರೊಪೇನ್‌ನೈಟ್ರೈಲ್, ಎಥೇನ್‌ನೈಟ್ರೈಲ್ ಯಾಕಲ್ಲ ಅನ್ನುವುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಕಾರ್ಬೊನೈಲ್‌ಗೆ ನೈಟ್ರೊಜನ್ ಅಂಟಿದ ಅಮೈಡ್‌ನಲ್ಲೂ ಹಾಗೆ: ಕತ್ತರಿಸಿದ ಮೇಲೆ ನೈಟ್ರೊಜನ್ ತುಂಡಿನಲ್ಲಿ ಏನು ನೇತಾಡುತ್ತಿದೆಯೋ ಅದಕ್ಕೆಲ್ಲ ‘ಎನ್’ ಹಚ್ಚುವುದು. ಡಿಎಂಎಫ್ ಅನ್ನುವ ದ್ರಾವಕವನ್ನು ಎನ್,ಎನ್-ಡೈಮೀಥೈಲ್‌ಮೆಥನಮೈಡ್ ಅಂತ ಮಕ್ಕಳೇ ಬರೆದರು.

ಪಟ್ಟಿ ಮಾತ್ರ ಯಾಕೆ, ಲ್ಯಾಬಿನಲ್ಲೂ ಕತ್ತರಿಸಿ ತೋರಿಸೋಣ ಅನಿಸಿತು. ನೋವಿನ ಮುಲಾಮಿನ ವಾಸನೆಯ ವಿಂಟರ್‌ಗ್ರೀನ್ ಎಣ್ಣೆ ಅಂದರೆ ಮೀಥೈಲ್ 2-ಹೈಡ್ರಾಕ್ಸಿಬೆಂಜೋಯೇಟ್. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಚೆನ್ನಾಗಿ ಕಾಯಿಸಿ, ತಣಿದ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ 2-ಹೈಡ್ರಾಕ್ಸಿಬೆಂಜೋಯಿಕ್ ಆಸಿಡ್‌ನ ಬಿಳಿ ಹರಳು ಇಳಿಯುತ್ತದೆ, ಮುಲಾಮಿನ ವಾಸನೆ ಹೋಗಿರುತ್ತದೆ. ಕಾಯಿಸುವುದರಲ್ಲಿ ಅವಸರ ಮಾಡಿದರೆ ಎಣ್ಣೆ ಹಾಗೇ ಉಳಿಯುತ್ತದೆ. ಮೊದಲ ಸಲ ಅರ್ಧ ಗಂಟೆಗೆ ಇಳಿಸಿಬಿಟ್ಟು ಹರಳು ಸರಿಯಾಗಿ ಬರಲಿಲ್ಲ. ಮರುದಿನ ಆಸ್ಪಿರಿನ್ ರಚನೆ ಬರೆದ ಕಾಗದದ ಪಟ್ಟಿ ಕೊಟ್ಟೆ. ಕತ್ತರಿಸಿದರೆ ಅದೇ 2-ಹೈಡ್ರಾಕ್ಸಿಬೆಂಜೋಯಿಕ್ ಆಸಿಡ್, ಜೊತೆಗೆ ಎಥನೋಯಿಕ್ ಆಸಿಡ್. ಹಳೆಯ ಆಸ್ಪಿರಿನ್ ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರುವುದು ಇದಕ್ಕೇ. ಇಲ್ಲಿ ಆಸಿಡ್ ಗುಂಪು ಮೊದಲೇ ಇರುವುದರಿಂದ ಎಸ್ಟರ್ ಬಾಲ ಆಗುವುದಿಲ್ಲ, ಮುಂದಕ್ಕೆ ಹೋಗಿ 2-ಅಸಿಟೈಲಾಕ್ಸಿಬೆಂಜೋಯಿಕ್ ಆಸಿಡ್ ಆಗುತ್ತದೆ. ಯಾವ ಗುಂಪು ಬಾಲವಾಗಬೇಕು ಅನ್ನುವ ಆದ್ಯತೆಯ ಕ್ರಮವನ್ನು ನಾನು ಹೇಳಿಕೊಡುವುದು ಈ ಒಂದು ಮಾತ್ರೆಯಿಂದಲೇ.

ನಮ್ಮ ಮಕ್ಕಳಲ್ಲಿ ಹಲವರು ರಬ್ಬರ್ ತೋಟದವರು. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಮನೆಯಲ್ಲಿ ಫಾರ್ಮಿಕ್ ಆಸಿಡ್ ಕ್ಯಾನ್ ಇರುತ್ತದೆ, ಪರೀಕ್ಷೆಯಲ್ಲೂ ಆ ಹೆಸರನ್ನೇ ಬರೆಯುತ್ತಾರೆ. ಪಠ್ಯ ಮೆಥನೋಯಿಕ್ ಅನ್ನುತ್ತದೆ, ಅಂಕಕ್ಕೆ ಅದನ್ನೇ ಬರೆಯಲಿ. ಆದರೆ ರಾಸಾಯನಿಕ ಹೆಸರಿನ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿಯ 2013ರ ಶಿಫಾರಸಿನಲ್ಲಿ ಫಾರ್ಮಿಕ್, ಅಸೆಟಿಕ್ ಎರಡೂ ಆದ್ಯತೆಯ ಹೆಸರಾಗಿಯೇ ಉಳಿದಿವೆ. ಅದನ್ನು ತಪ್ಪು ಅಂತ ಕೆಂಪು ಗೀಟು ಹಾಕುವುದನ್ನು ನಾನು ನಿಲ್ಲಿಸಿದ್ದೇನೆ, ಪಕ್ಕದಲ್ಲಿ ಪಠ್ಯದ ಹೆಸರು ಬರೆಯುತ್ತೇನೆ.

ಫಲ ಏನು ಅಂತ ಕೇಳುವವರಿಗೆ: ಸಿ4ಎಚ್8ಓ2 ಕೊಟ್ಟು ಆಸಿಡ್, ಎಸ್ಟರ್ ಎಲ್ಲ ಬರೆಯಿರಿ ಅನ್ನುವುದು ನನ್ನ ಪರೀಕ್ಷೆ. ಎರಡು ಆಸಿಡ್, ನಾಲ್ಕು ಎಸ್ಟರ್ ಬರಬೇಕು. ಮೊದಲು ಅರವತ್ತರಲ್ಲಿ ಆರೂ ಬರೆದು ಹೆಸರು ಸರಿಯಿಡುತ್ತಿದ್ದವರು ಹತ್ತೋ ಹನ್ನೆರಡೋ. ಕಳೆದ ಬ್ಯಾಚಿನಲ್ಲಿ ನಲವತ್ತು ದಾಟಿದರು, ಅದರಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರೇ ಹೆಚ್ಚು. ಕತ್ತರಿ ಬೇಡ ಅಂದಿದ್ದ ಹಿರಿಯರು ಈಗ ನನ್ನ ಪಟ್ಟಿಯ ಕಟ್ಟನ್ನು ತಮ್ಮ ಸೆಕ್ಷನ್‌ಗೆ ಒಯ್ಯುತ್ತಾರೆ.

ಒಂದು ಕಡೆ ಮಾತ್ರ ಕತ್ತರಿ ಸಾಲದು. ಪಟ್ಟಿಯನ್ನು ಬಳೆ ಮಾಡಿ ಅಂಟಿಸಿ, ನೈಲಾನ್-6ರ ಕಚ್ಚಾವಸ್ತುವಾದ ಕ್ಯಾಪ್ರೊಲ್ಯಾಕ್ಟಂ ಅನ್ನುವ ಉಂಗುರದ ಅಮೈಡ್ ಮಾಡಿಸಿದೆ. ಕತ್ತರಿಸಿದರೆ ಎರಡು ತುಂಡಾಗುವುದಿಲ್ಲ, ಬಿಚ್ಚಿಕೊಂಡು ಒಂದೇ ಪಟ್ಟಿಯಾಗುತ್ತದೆ. ಒಂದು ತುದಿಯಲ್ಲಿ ಆಸಿಡ್, ಇನ್ನೊಂದರಲ್ಲಿ ಅಮೈನ್, 6-ಅಮೈನೊಹೆಕ್ಸನೋಯಿಕ್ ಆಸಿಡ್. ನೈಲಾನ್-6 ಹೇಳಿಕೊಡಲು ಇದಕ್ಕಿಂತ ಒಳ್ಳೆಯದು ಬೇರೆ ಸಿಕ್ಕಿಲ್ಲ. ಆದರೆ ಉಂಗುರಕ್ಕೆ ಐಯುಪಿಎಸಿ ಇಡುವ ಹೆಸರು ಅಜೆಪಾನ್-2-ಓನ್, ಅದು ಈ ದಾರಿಯಲ್ಲಿ ಬರುವುದೇ ಇಲ್ಲ. ಹಾಗಾಗಿ ಬಳೆ ಪಟ್ಟಿಯನ್ನು ಪಾಲಿಮರ್ ಮಾತು ಬಂದ ದಿನ ಮಾತ್ರ ಹೊರತೆಗೆಯುತ್ತೇನೆ.